ಪ್ರವಾಸಿಗರು ಹೋದ ಮೇಲೆ ಗ್ರೀಸಿನ ಸಣ್ಣ ದ್ವೀಪದ ಜನ ಏನು ಮಾಡುತ್ತಾರೆ?

ಕೆಲಸ ನಿಲ್ಲುವುದಿಲ್ಲ, ಬೇರೆ ಕೆಲಸ ಶುರುವಾಗುತ್ತದೆ. ಸುಮಾರು 2,000 ಜನರಿರುವ ಅಮೊರ್ಗೋಸ್ ದ್ವೀಪವನ್ನೇ ತೆಗೆದುಕೊಳ್ಳಿ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಹೆಚ್ಚಿನ ಹೋಟೆಲ್, ಬಾಡಿಗೆ ಕೋಣೆಗಳು ಬಾಗಿಲು ಹಾಕುತ್ತವೆ. ಸೀಸನ್ನಿಗೆಂದು ಬಂದ ಕೆಲಸಗಾರರು ಹೊರಡುತ್ತಾರೆ. ಉಳಿದವರಿಗೆ ಆಲಿವ್ ಕೊಯ್ಲು. ಮರದಡಿ ಬಲೆ ಹಾಸಿ, ಕೊಂಬೆ ಬಡಿದು, ಉದುರಿದ ಕಾಯಿಯಿಂದ ಎಲೆ ಕಡ್ಡಿ ಆರಿಸಿ, ಚೀಲ ತುಂಬಿ ಗಾಣಕ್ಕೆ ಸಾಗಿಸಬೇಕು. ಮನೆಮಂದಿಯೆಲ್ಲ ಕೈಹಾಕಿದರೇ ಮುಗಿಯುವ ಕೆಲಸ ಅದು.

ನಿಜವಾದ ಕಷ್ಟ ಹಡಗಿನದು. ಚಳಿಗಾಲದಲ್ಲಿ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಬರುವ ಫೆರಿಗಳೇ ಕಡಿಮೆ. ಗಾಳಿಯ ಬಿರುಸು ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ 8 (ಗಂಟೆಗೆ ಸುಮಾರು 62 ಕಿ.ಮೀ.) ಮುಟ್ಟಿದರೆ ಸಾಮಾನ್ಯವಾಗಿ ಅವೂ ಹೊರಡುವುದಿಲ್ಲ. ಅಂಗಡಿಯಲ್ಲಿ ತಾಜಾ ತರಕಾರಿ ಖಾಲಿಯಾಗುತ್ತದೆ. ಅಥೆನ್ಸಿನ ಡಾಕ್ಟರ ಹತ್ತಿರ ಹೋಗಬೇಕಾದವರು ಗಾಳಿ ಇಳಿಯುವವರೆಗೆ ಕಾಯಬೇಕು. ಫೋಟೋದಲ್ಲಿ ಇದು ಕಾಣುವುದಿಲ್ಲ ಅಲ್ವಾ?

ಆದರೂ ನನಗೆ ಇಷ್ಟವಾಗುವುದು ಈ ತಿಂಗಳುಗಳೇ. ಅಕ್ಟೋಬರ್ 28ರ ರಾಷ್ಟ್ರೀಯ ದಿನಕ್ಕೆ ಶಾಲೆ ಮಕ್ಕಳ ಮೆರವಣಿಗೆ ಇರುತ್ತದೆ. ನವೆಂಬರ್ 21ಕ್ಕೆ ಕಡಿದಾದ ಬಂಡೆಗೆ ಅಂಟಿಕೊಂಡಿರುವ ಹೊಜೊವಿಯೋಟಿಸ್ಸಾ ಮಠದಲ್ಲಿ ಮೇರಿ ಮಾತೆಯ ದೊಡ್ಡ ಹಬ್ಬ. ಜೇನು, ಮಸಾಲೆ ಹಾಕಿ ಕುದಿಸಿದ ರಾಕಿ ಎಂಬ ಮದ್ಯ ಅಲ್ಲಿಯ ವಿಶೇಷ. ಆಗ ಹೋಗುವ ಆಸೆಯಿದ್ದರೆ ವಾಪಸ್ ಬರಲು ಎರಡು ಮೂರು ದಿನ ಜಾಸ್ತಿ ಇಟ್ಟುಕೊಳ್ಳಿ.