ವಿಶ್ವಕಪ್ ಜೂನ್‌ನಲ್ಲೇ ಯಾಕಿರಬೇಕು?

ಮೊದಲೇ ಹೇಳಿಬಿಡುತ್ತೇನೆ. ಸೊಸೈಟಿ ಜಗಳ, ಮೇಲಿನ ಮನೆಯಿಂದ ನೀರು ಸೋರುವುದು, ಇವೆಲ್ಲ ಮುಂದಿನ ಸಂಚಿಕೆಗೆ. ಈ ಸಲ ಫುಟ್‌ಬಾಲ್ ಪ್ರಶ್ನೆಗಳೇ ಜಾಸ್ತಿ ಬಂದಿವೆ.

ಪ್ರಶ್ನೆ: ಮನೆಯಲ್ಲಿ ಒಂದೇ ಗಲಾಟೆ. ಕತಾರ್‌ಗೋಸ್ಕರ 2022ರ ವಿಶ್ವಕಪ್ಪನ್ನು ಚಳಿಗಾಲಕ್ಕೆ ತಳ್ಳಿ ಸಂಪ್ರದಾಯ ಕೆಡಿಸಿದರು ಅಂತ ಮಗ. ಬಿಸಿಲಿದ್ದರೆ ತಿಂಗಳು ಬದಲಾಯಿಸಬೇಕಪ್ಪ, ಅದರಲ್ಲೇನು ಅಂತ ನಾನು. ಯಾರು ಸರಿ?
(ಓದುಗರೊಬ್ಬರು, ಡೊಂಬಿವಲಿ)

ಉತ್ತರ: ನಿಮಗೆ ಮುಕ್ಕಾಲು ಮಾರ್ಕು, ಮಗನಿಗೆ ಕಾಲು.

ಸಂಪ್ರದಾಯ ಅಂದನಲ್ಲ, ಅದನ್ನೇ ಮೊದಲು ನೋಡೋಣ. ಮೊದಲ ವಿಶ್ವಕಪ್ ನಡೆದದ್ದು 1930ರ ಜುಲೈನಲ್ಲಿ, ಉರುಗ್ವೆಯಲ್ಲಿ. ಅಲ್ಲಿ ಜುಲೈ ಅಂದರೆ ಚಳಿಗಾಲ. 1962ರಲ್ಲಿ ಚಿಲಿ, 1978ರಲ್ಲಿ ಅರ್ಜೆಂಟೀನಾ, 2010ರಲ್ಲಿ ದಕ್ಷಿಣ ಆಫ್ರಿಕಾ, ಎಲ್ಲವೂ ಆಯಾ ಊರಿನ ಚಳಿಯಲ್ಲೇ ನಡೆದವು. ಆಗ ಯಾರೂ ಕೂಗಾಡಲಿಲ್ಲ. ಯಾಕೆ? ಯಾಕೆಂದರೆ ಅದು ಯುರೋಪಿನ ರಜೆಯ ತಿಂಗಳು. ಅಲ್ಲಿಯ ದೊಡ್ಡ ಲೀಗುಗಳು ಆಗಸ್ಟ್‌ನಲ್ಲಿ ಶುರುವಾಗಿ ಮೇ ಹೊತ್ತಿಗೆ ಮುಗಿಯುತ್ತವೆ, ಮಧ್ಯೆ ಖಾಲಿ ಉಳಿಯುವುದು ಜೂನ್, ಜುಲೈ ಮಾತ್ರ. ನಿಮ್ಮ ಮಗ ಸಂಪ್ರದಾಯ ಅನ್ನುತ್ತಿರುವುದು ಈ ಖಾಲಿ ಜಾಗಕ್ಕೆ. ಋತುವಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ನೆನಪು ಮಾಡಿಕೊಳ್ಳಿ. 17 ವರ್ಷದೊಳಗಿನವರ ವಿಶ್ವಕಪ್ 2017ರಲ್ಲಿ ನಮ್ಮಲ್ಲಿಗೇ ಬಂದಿತ್ತು, ನವಿ ಮುಂಬೈಯ ಡಿ.ವೈ. ಪಾಟೀಲ್ ಮೈದಾನದಲ್ಲೂ ಗೋವಾದ ಫಾತೋರ್ಡಾದಲ್ಲೂ ಮ್ಯಾಚ್ ನಡೆದವು. ಯಾವ ತಿಂಗಳು? ಅಕ್ಟೋಬರ್. ಜೂನ್‌ನಲ್ಲಿ ಇಟ್ಟಿದ್ದರೆ ಚೆಂಡು ಗೋಲಿನ ಬದಲು ಗಟಾರಕ್ಕೆ ಹೋಗುತ್ತಿತ್ತು. ಇದನ್ನು ಮಾಡಿದ್ದೂ ಕಪ್ ನಡೆಸುವ ಅದೇ ಸಂಸ್ಥೆ, ಫಿಫಾ. ಹುಡುಗರ ಕಪ್ಪಿಗೆ ಆತಿಥೇಯರ ಹವಾಮಾನ ನೋಡಿ ತಾರೀಖು ಇಡಬಹುದು, ಅದರಿಂದ ಯಾವ ದೊಡ್ಡ ಕ್ಲಬ್ಬಿನ ಗಲ್ಲಾಪೆಟ್ಟಿಗೆಗೂ ಪೆಟ್ಟಿಲ್ಲವಲ್ಲ!

ಇನ್ನು ಮಗನ ಕಾಲು ಮಾರ್ಕು. 2010ರ ಡಿಸೆಂಬರ್ 2ರಂದು ಜೂರಿಕ್‌ನಲ್ಲಿ ಕೊನೆಯ ಸುತ್ತಿನಲ್ಲಿ ಅಮೆರಿಕವನ್ನು 14-8 ಮತಗಳಿಂದ ಸೋಲಿಸಿ ಕತಾರ್ ಆತಿಥ್ಯ ಗೆದ್ದಾಗ, ಎಲ್ಲರ ಮುಂದೆ ಇದ್ದದ್ದು ಜೂನ್-ಜುಲೈ ಕಪ್ಪಿನ ಲೆಕ್ಕ. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ ಎಂಬುದು ಗುಟ್ಟೇನಲ್ಲ, ಫಿಫಾದ್ದೇ ಪರಿಶೀಲನಾ ವರದಿಯಲ್ಲೂ ಆ ಎಚ್ಚರಿಕೆ ಇತ್ತು. ಆದರೂ ಮತ ಹಾಕಿದರು. ಆಗಿನ ಅಧ್ಯಕ್ಷ ಸೆಪ್ ಬ್ಲಾಟರ್ 2014ರಲ್ಲಿ ಅದು ತಪ್ಪಾಯಿತು ಅಂತ ಒಪ್ಪಿಕೊಂಡರು, 2015ರ ಮಾರ್ಚ್‌ನಲ್ಲಿ ನವೆಂಬರ್-ಡಿಸೆಂಬರ್ ಅಂತ ತೀರ್ಮಾನವಾಯಿತು. ಹೆಣ್ಣು ನೋಡಿ, ಮಾತುಕತೆ ಮುಗಿಸಿ, ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಮೇಲೆ ಅಯ್ಯೋ ಆಷಾಢ ಅಲ್ವಾ ಅಂತ ನೆನಪಾದ ಹಾಗೆ. ಮುಹೂರ್ತ ಬದಲಾಯಿಸಿದ್ದು ಸರಿ. ಆದರೆ ಪಂಚಾಂಗವನ್ನು ಮೊದಲೇ ತೆಗೆದು ನೋಡಬೇಕಿತ್ತು. ಉಳಿದ ನಾಲ್ಕು ದೇಶಗಳು ಜೂನ್-ಜುಲೈ ಲೆಕ್ಕದಲ್ಲೇ ಸ್ಪರ್ಧೆಗೆ ಇಳಿದಿದ್ದವು, ಅವರಿಗೆ ಮೋಸ ಆಯಿತು ಅನಿಸಿದರೆ ನಾನು ಬೇಡ ಅನ್ನಲಾರೆ.

ಪ್ರಶ್ನೆ: ಸ್ಟೇಡಿಯಮ್ಮಿಗೇ ಎಸಿ ಹಾಕುತ್ತೇವೆ ಅಂದಿದ್ದರಲ್ಲ? ಹಾಕಿದರು ಕೂಡ. ಮತ್ತೆ ತಿಂಗಳು ಬದಲಾಯಿಸಿದ್ದು ಯಾಕೆ? ನಾನು ಎಸಿ ರಿಪೇರಿ ಕೆಲಸದವನು, ಅದಕ್ಕೇ ಕುತೂಹಲ.
(ಓದುಗರೊಬ್ಬರು, ಚಿಂಚವಾಡ, ಪುಣೆ)

ಉತ್ತರ: ನಿಮಗೆ ನಾನು ಎಸಿ ಪಾಠ ಹೇಳುವುದು ತಮಾಷೆಯೇ ಸರಿ. ಎಂಟು ಸ್ಟೇಡಿಯಂಗಳಲ್ಲಿ ಏಳಕ್ಕೆ ತಂಪು ವ್ಯವಸ್ಥೆ ಇತ್ತು. ಹಡಗಿನ ಕಂಟೇನರ್‌ಗಳಿಂದ ಕಟ್ಟಿದ ಸ್ಟೇಡಿಯಂ 974 ಒಂದಕ್ಕೆ ಇರಲಿಲ್ಲ. ಸೀಟಿನ ಕೆಳಗಿನ ಕಿಂಡಿಗಳಿಂದ, ಮೈದಾನದ ಅಂಚಿನ ದೊಡ್ಡ ನಳಿಗೆಗಳಿಂದ ತಂಪು ಗಾಳಿ ಬಿಡುವುದು. ತಂಪು ಗಾಳಿ ಭಾರ, ಕೆಳಗೇ ನಿಲ್ಲುತ್ತದೆ. ಹಾಗಾಗಿ ಛಾವಣಿ ಪೂರ್ತಿ ಮುಚ್ಚದೆಯೂ ಜನ ಕೂತ ಎತ್ತರದವರೆಗೆ ತಂಪಾಗಿಡಬಹುದು.

ಆದರೆ ಕಪ್ ಅಂದರೆ ಬರೀ 90 ನಿಮಿಷವೇ? ತಂಡಗಳು ಬಯಲಲ್ಲಿ ಪ್ರಾಕ್ಟೀಸ್ ಮಾಡಬೇಕು. ಜನ ಮೆಟ್ರೋ ಇಳಿದು ನಡೆಯಬೇಕು, ಗೇಟಿನ ಮುಂದೆ ಸಾಲು ನಿಲ್ಲಬೇಕು, ಟಿಕೆಟ್ ಸಿಗದವರು ದೊಡ್ಡ ಪರದೆಯ ಮುಂದೆ ಕೂರಬೇಕು. ಊರಿಗೆಲ್ಲ ಎಸಿ ಹಾಕುವುದಕ್ಕೆ ಆಗುತ್ತದಾ?

ಇಲ್ಲಿ ನನಗೆ ಕಸಿವಿಸಿ ಆಗುವ ವಿಷಯ ಒಂದಿದೆ, ಹೇಳದೆ ಬಿಡಲಾರೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಿಂದ ಒಬ್ಬರಾದರೂ ಗಲ್ಫಿನಲ್ಲಿ ಇದ್ದಾರೆ. ಆ ಸ್ಟೇಡಿಯಂ, ಆ ಮೆಟ್ರೋ ಕಟ್ಟಿದವರು ನಮ್ಮ ದೇಶದವರು, ನೇಪಾಳದವರು, ಬಾಂಗ್ಲಾದವರು. ಅವರು ಅದೇ ಜೂನ್‌ನಲ್ಲಿ, ಅದೇ ಜುಲೈನಲ್ಲಿ ಬಯಲಲ್ಲಿ ಕೆಲಸ ಮಾಡಿದರು. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲಿನ ಕೆಲಸ ಬಂದ್ ಎಂಬ ನಿಯಮ ಬಂದದ್ದೇ 2021ರಲ್ಲಿ, ಅದಕ್ಕೆ ಮೊದಲು ಬಿಡುವು ಇದಕ್ಕಿಂತ ಕಡಿಮೆ. ಆಟಗಾರರಿಗೆ ಬಿಸಿಲು ಅಂದಾಗ ಯುರೋಪಿನ ದೊಡ್ಡ ಲೀಗುಗಳೇ ನಿಂತವು, ಇವರಿಗೆ ಹಗಲಿನ ಐದೂವರೆ ಗಂಟೆ ಬಿಡುವು ಸಿಗುವುದಕ್ಕೇ ವರ್ಷಗಟ್ಟಲೆ ಬೇಕಾಯಿತು.

ಪ್ರಶ್ನೆ: ನಾನು ಮಾಟುಂಗದಲ್ಲಿ ಹೋಟೆಲಿನವನು. 2022ರಲ್ಲಿ ಸಂಜೆ ಮ್ಯಾಚ್ ಇದ್ದ ಕಾರಣ ಚಹಾ, ಬಜೆ ಒಳ್ಳೆ ಹೋಯಿತು. ಚಳಿಗಾಲದ ಕಪ್ಪೇ ನಮಗೆ ಲಾಭ ಅಲ್ವಾ?

ಉತ್ತರ: ಅದು ಚಳಿಗಾಲದ ಪುಣ್ಯ ಅಲ್ಲ ಮಾರಾಯ್ರೇ, ದೋಹಾದ ಪುಣ್ಯ. ದೋಹಾ ನಮಗಿಂತ ಎರಡೂವರೆ ಗಂಟೆ ಹಿಂದೆ, ಅಷ್ಟೇ. ಅದಕ್ಕೇ ಗುಂಪಿನ ಮ್ಯಾಚುಗಳು ನಮಗೆ ಮಧ್ಯಾಹ್ನ 3.30, ಸಂಜೆ 6.30, ರಾತ್ರಿ 9.30, ಆಮೇಲೆ 12.30ಕ್ಕೆ ಬಿದ್ದವು, ಫೈನಲ್ ಭಾನುವಾರ ರಾತ್ರಿ 8.30ಕ್ಕೆ. ಅರ್ಜೆಂಟೀನಾದ ಮೆಸ್ಸಿ ಎರಡು ಗೋಲು, ಫ್ರಾನ್ಸಿನ ಎಂಬಾಪ್ಪೆ ಮೂರು, ಕೊನೆಗೆ ಪೆನಾಲ್ಟಿ. ಗಿರಾಕಿಗಳು ಎದ್ದು ಹೋಗದೆ ನಿಮ್ಮ ಹುಡುಗರಿಗೆ ಶಟರ್ ಎಳೆಯಲು ಎಷ್ಟು ಹೊತ್ತಾಯಿತೋ ದೇವರೇ ಬಲ್ಲ. 2018ರಲ್ಲಿ ರಷ್ಯಾದ ಮ್ಯಾಚುಗಳೂ ಜಾಸ್ತಿ ಸಂಜೆಗೇ ಇದ್ದವು, ಅದು ಜೂನ್-ಜುಲೈ. ಕಪ್ ಅಮೆರಿಕದ ಕಡೆ ಹೋದರೆ ಯಾವ ತಿಂಗಳಾದರೂ ನಮಗೆ ಜಾಗರಣೆಯೇ. ಆಗ ಬೆಳಿಗ್ಗೆ ಇಡ್ಲಿಗೆ ಬೇಗ ಒಲೆ ಹಚ್ಚಿ, ನಿದ್ದೆಗೆಟ್ಟವರು ಬಂದೇ ಬರುತ್ತಾರೆ.

ಪ್ರಶ್ನೆ: ಸೀಸನ್ ನಡುವೆ ಕಪ್ ಇಟ್ಟರೆ ಆಟಗಾರರಿಗೆ ಗಾಯ ಜಾಸ್ತಿ ಅಂತಾರೆ. ನಿಜವೇ?
(ಕಾಲೇಜು ವಿದ್ಯಾರ್ಥಿನಿ, ಠಾಣೆ)

ಉತ್ತರ: ಇದ್ದಕ್ಕಿದ್ದ ಹಾಗೆ ಗಾಯವಾದರೆ ಸುಧಾರಿಸಿಕೊಳ್ಳುವ ಸಮಯ ಕಡಿಮೆ, ಅದು ನಿಜ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನಿಂತದ್ದು ನವೆಂಬರ್ 13ಕ್ಕೆ, ಕಪ್ ಶುರುವಾದದ್ದು 20ಕ್ಕೆ. ಒಂದೇ ವಾರ! ಸೆನೆಗಲ್‌ನ ಸಾಡಿಯೊ ಮಾನೆ ಆ ತಿಂಗಳ ಎರಡನೇ ವಾರದಲ್ಲಿ ಕ್ಲಬ್ ಪಂದ್ಯದಲ್ಲಿ ಗಾಯ ಮಾಡಿಕೊಂಡು ಕಪ್ಪನ್ನೇ ಕಳೆದುಕೊಂಡರು. ಕೊರಿಯಾದ ಸನ್ ಹ್ಯುಂಗ್-ಮಿನ್ ಕಣ್ಣಿನ ಸುತ್ತಲ ಮೂಳೆ ಮುರಿದು, ಮುಖಕ್ಕೆ ಕಪ್ಪು ಕವಚ ಹಾಕಿಕೊಂಡು ಆಡಿದರು. ಆದರೆ ಜೂನ್‌ಗೆ ಬರುವವರು ಹತ್ತು ತಿಂಗಳು ಓಡಿ ಓಡಿ ಸೋತು ಬಂದಿರುತ್ತಾರೆ, ನವೆಂಬರ್‌ನಲ್ಲಿ ಕಾಲು ಇನ್ನೂ ತಾಜಾ. ಕತಾರ್‌ನಲ್ಲಿ 64 ಮ್ಯಾಚಿಗೆ 172 ಗೋಲು ಬಂದು ದಾಖಲೆಯಾಯಿತು. ಚಳಿಯಿಂದಲೇ ಬಂತು ಅಂತ ನಾನೇನೂ ಆಣೆ ಇಡುವುದಿಲ್ಲ. ಹಾಗೆ ನೋಡಿದರೆ ಬೇಸಿಗೆ ಕಪ್ಪೂ ಸುಖದ್ದಲ್ಲ. 1994ರ ಫೈನಲ್ ಕ್ಯಾಲಿಫೋರ್ನಿಯಾದ ಪಸಡೇನಾದಲ್ಲಿ, ಜುಲೈ ತಿಂಗಳ ನಡುಮಧ್ಯಾಹ್ನ 12.30ಕ್ಕೆ! ಯುರೋಪಿನವರು ಸಂಜೆ ಟಿವಿ ನೋಡಬೇಕಲ್ಲ. ಎರಡು ಗಂಟೆ ಆಡಿದರೂ ಒಂದು ಗೋಲೂ ಬರಲಿಲ್ಲ.

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ವಾಸ್ಕೋದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇವೆ. ನಾನು ಬೀಚ್ ಹೋಟೆಲ್ ಕೆಲಸಗಾರ. ಜೂನ್‌ನಲ್ಲಿ ಕಪ್ ಬಂದರೆ ಮಳೆಗೆ ಕರೆಂಟ್ ಹೋಗುತ್ತದೆ, ಡಿಸೆಂಬರ್‌ನಲ್ಲಿ ಬಂದರೆ ಟೂರಿಸ್ಟ್ ಸೀಸನ್ ಅಂತ ರಜೆ ಕೊಡುವುದಿಲ್ಲ. ಮುಂದೆಯೂ ಚಳಿಗಾಲದಲ್ಲೇ ಇಡುತ್ತಾರಾ?

ಉತ್ತರ: ನಿಮ್ಮ ಸಂಕಟ ಫಿಫಾದವರಿಗೆ ಹೊಳೆದಿರಲಿಕ್ಕಿಲ್ಲ. 2034ರ ಕಪ್ ಸೌದಿ ಅರೇಬಿಯಾಕ್ಕೆ ಕೊಟ್ಟಾಗಿದೆ, ಬೇಸಿಗೆಯಲ್ಲಿ ಅಲ್ಲಿಯೂ ಅದೇ ಬಿಸಿಲು. ಆ ವರ್ಷ ನವೆಂಬರ್-ಡಿಸೆಂಬರ್‌ನಲ್ಲಿ ರಂಜಾನ್ ಉಪವಾಸ. ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಚಳಿಗಾಲದ ಒಲಿಂಪಿಕ್ಸ್. ಅದಕ್ಕೇ ಜನವರಿಯ ಮಾತು ಕೇಳಿಬರುತ್ತಿದೆ. ಫುಟ್‌ಬಾಲಿನ ಏಷ್ಯಾ ಕಪ್ ಕತಾರ್‌ನಲ್ಲಿ 2011ರಲ್ಲೂ 2024ರಲ್ಲೂ ಜನವರಿಯಲ್ಲೇ ಶುರುವಾಗಿತ್ತು, ಎರಡರಲ್ಲೂ ನಮ್ಮ ಭಾರತ ಆಡಿತ್ತು. ಅಂದರೆ ಅದೇನು ಆಗದ ಕೆಲಸ ಅಲ್ಲ. ನಿಮಗಂತೂ ರಜೆ ಸಿಗುವ ಲಕ್ಷಣ ಇಲ್ಲ.

ಆದರೆ ಅದಕ್ಕೆ ಮೊದಲು 2030 ಇದೆ. ಸ್ಪೇನ್, ಪೋರ್ಚುಗಲ್, ಮೊರಾಕೊ ಸೇರಿ ಜೂನ್-ಜುಲೈನಲ್ಲಿ ನಡೆಸುತ್ತವೆ. ನೂರು ವರ್ಷ ತುಂಬಿದ ನೆನಪಿಗೆ ಶುರುವಿನ ಮೂರು ಮ್ಯಾಚು ಉರುಗ್ವೆ, ಅರ್ಜೆಂಟೀನಾ, ಪರಾಗ್ವೆಯಲ್ಲಿ. ಅಲ್ಲಿ ಸ್ವೆಟರ್ ಹಾಕಿ ನೋಡುತ್ತಾರೆ, ಆಮೇಲೆ ಅದೇ ಕಪ್ ಸ್ಪೇನಿನ ಸುಡುಬಿಸಿಲಿಗೆ ಬರುತ್ತದೆ. ನಿಮ್ಮ ಗೋವಾದಲ್ಲಿ ಆಗ ಸಾಂಜಾವ್ ಹಬ್ಬ, ತಲೆಗೆ ಹೂವಿನ ಕಿರೀಟ ಕಟ್ಟಿಕೊಂಡು ಬಾವಿಗೆ ಹಾರುವ ಕಾಲ, ಹೋಟೆಲಿನಲ್ಲೂ ಗಿರಾಕಿ ಕಡಿಮೆ. ರಜೆ ಸಿಗುತ್ತದೆ. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿಡುವುದನ್ನು ಮಾತ್ರ ಮರೆಯಬೇಡಿ.