ಕಡಿದಾದ ಕಾಡುಹಾದಿಗೆ ಎಷ್ಟು ಹೊತ್ತು?

ಪ್ರಶ್ನೆ: ಹೋಗಿಬರಲು 10 ಕಿ.ಮೀ., ಏರು 900 ಮೀಟರ್. ಬೆಳಿಗ್ಗೆ 9ಕ್ಕೆ ಹೊರಟರೆ ಸಾಕೇ? ಇಳಿಯುವಾಗ ಕಾಲ್ಬೆರಳು ನೋಯುವುದೇಕೆ?

ಉತ್ತರ: 9 ಗಂಟೆ ತಡವೇ. ಬೆಟ್ಟದ ನಡಿಗೆಯ ಹೊತ್ತನ್ನು ಅಂದಾಜಿಸುವ ನೇಸ್ಮಿತ್ ಸೂತ್ರದಂತೆ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು; ಒಟ್ಟು ಮೂರೂವರೆ. ಆದರೆ ಈ ಲೆಕ್ಕದಲ್ಲಿ ವಿಶ್ರಾಂತಿಯಿಲ್ಲ, ಒದ್ದೆ ಬೇರು, ಸಡಿಲ ಕಲ್ಲುಗಳೂ ಇಲ್ಲ. ಆರೇಳು ಗಂಟೆ ಹಿಡಿಯಿರಿ, 6.30ಕ್ಕೇ ಹೊರಡಿ. ದಟ್ಟ ಮರಗಳಡಿ ಸೂರ್ಯಾಸ್ತಕ್ಕೆ ಮೊದಲೇ ಕತ್ತಲು ಕವಿಯುತ್ತದೆ, ತಲೆದೀಪ ಇರಲೇಬೇಕು. ಹಿಂತಿರುಗುವ ಹೊತ್ತನ್ನು ಮೊದಲೇ ಗೊತ್ತುಮಾಡಿ, ತುದಿ ಕಣ್ಣಿಗೆ ಕಂಡರೂ ಮೀರಬೇಡಿ. ನೀರು ಗಂಟೆಗೆ ಅರ್ಧ ಲೀಟರ್.

ಬೆರಳ ನೋವಿಗೆ ಕಾರಣ, ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಬೂಟಿನ ಮೂತಿಗೆ ಬಡಿಯುವುದು. ಉಗುರು ಕತ್ತರಿಸಿಕೊಳ್ಳಿ, ಇಳಿಯುವ ಮುನ್ನ ಹಿಮ್ಮಡಿಯನ್ನು ಹಿಂದಕ್ಕೊತ್ತಿ, ಕಣಕಾಲಿನ ಬಳಿ ಲೇಸ್ ಬಿಗಿಯಿರಿ.