ಹಳೇ ಏರ್‌ಸ್ಟ್ರೀಮ್ ಕೊಳ್ಳುವ ಮುಂಚೆ ಅದರ ಬಂಪರ್ ಮೇಲೆ ಹತ್ತಿ ನಿಲ್ಲಿ

ನಮಸ್ಕಾರ. ನೀವು ಬರೆದಿರುವುದು ಇಷ್ಟು: ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ಗೆ ಬಂದು ಇನ್ನೂ ವರ್ಷವಾಗಿಲ್ಲ, ಎಚ್‌-1ಬಿ ವೀಸಾ, ಬಾಡಿಗೆ ಅಪಾರ್ಟ್‌ಮೆಂಟು, ಒಂದು ಕ್ಯಾಮ್ರಿ ಕಾರು. ಊರಾಚೆ ಒಬ್ಬ ರೈತರ ಹೊಲದಂಚಿನಲ್ಲಿ 1973ರ ಏರ್‌ಸ್ಟ್ರೀಮ್ ಸಾವರಿನ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ, ಒಳಗೆ ಮನೆಯಂತಿರುವ ಅಲ್ಯೂಮಿನಿಯಂ ಟ್ರೇಲರ್, 31 ಅಡಿಯದು, ಮಾರಾಟಕ್ಕಿದೆ. ಅದನ್ನು ಕೊಂಡು ರಿಪೇರಿ ಮಾಡಿ ಅದರಲ್ಲೇ ಇದ್ದರೆ ಬಾಡಿಗೆ ಉಳಿಯುತ್ತಾ, ಬೇಡವಾದಾಗ ಮಾರಿದರೆ ನಾಲ್ಕು ಕಾಸು ಸಿಗುತ್ತಾ, ಗುರುತು ಪರಿಚಯ ಇಲ್ಲದ ಊರಲ್ಲಿ ಇಂಥ ಕೆಲಸಕ್ಕೆ ಯಾರಾದರೂ ಸಹಾಯಕ್ಕೆ ಬರುತ್ತಾರಾ. ನಾನು ಈ ರಾಜ್ಯಕ್ಕೆ ಬಂದು ಬಹಳ ಕಾಲವಾಯಿತು, ಇಂಥದ್ದೇ ಒಂದು ಟ್ರೇಲರನ್ನು ಪೂರ್ತಿ ಬಿಚ್ಚಿ ಜೋಡಿಸಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಬಾಡಿಗೆ ಉಳಿಸುವ ಆಸೆ ಬಿಟ್ಟುಬಿಡಿ. ಅದರ ಗೋಡೆ ಅಂದರೆ ಎರಡು ತೆಳ್ಳನೆ ಅಲ್ಯೂಮಿನಿಯಂ ತಗಡು, ನಡುವೆ ಒಂದೆರಡು ಇಂಚು ಫೈಬರ್‌ಗ್ಲಾಸ್ ಹತ್ತಿ. ಅಷ್ಟೇ. ಜನವರಿಯಲ್ಲಿ ಹೊರಗಿನ ಚಳಿ ತಗಡಿನ ಪಕ್ಕೆಗಳ ಮೂಲಕ ನೇರ ಒಳಗೆ ಬರುತ್ತದೆ, ನೀವು ಅನ್ನಕ್ಕಿಟ್ಟ ಕುಕ್ಕರಿನ ಹಬೆ ಒಳಗೋಡೆಯ ಮೇಲೆ ನೀರಾಗಿ ಇಳಿಯುತ್ತದೆ, ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ. ಅದೂ ಬಿಡಿ, ಹೆಚ್ಚಿನ ಊರುಗಳಲ್ಲಿ ಮನೆ ಹಿತ್ತಲಿನಲ್ಲಿ ಟ್ರೇಲರ್ ನಿಲ್ಲಿಸಿ ಅದರಲ್ಲಿ ವಾಸ ಮಾಡಲು ಬಿಡುವುದಿಲ್ಲ. ಮನೆ ಮಾಲೀಕರ ಸಂಘ ಇರುವ ಬಡಾವಣೆಯಾದರಂತೂ ಸುಮ್ನೆ ನಿಲ್ಲಿಸಿದರೂ ನೋಟಿಸ್ ಬರುತ್ತದೆ. ನಮ್ಮೂರಲ್ಲಿ ಹಾಗೆ ಮನೆ ಮುಂದೆ ಲಾರಿ ನಿಲ್ಲಿಸಿದರೂ ಕೇಳುವವರಿಲ್ಲ, ಇಲ್ಲಿ ಹುಲ್ಲು ಉದ್ದ ಬೆಳೆದರೂ ಕಾಗದ ಬರುತ್ತದೆ. ಬಾಡಿಗೆಗೆ ಸಿಗುವ ಸ್ಟೋರೇಜ್ ಜಾಗಗಳಲ್ಲಿ ನಿಲ್ಲಿಸಬಹುದು, ಆದರೆ ಬಹಳಷ್ಟು ಕಡೆ ಅಲ್ಲಿ ರಿಪೇರಿ ಮಾಡುವ ಹಾಗಿಲ್ಲ. ಆದ್ದರಿಂದ ಮೊದಲು ಜಾಗ ಹುಡುಕಿ, ಕರೆಂಟು ಇರುವ, ಮೇಲೆ ಸೂರಿರುವ ಜಾಗ. ಆ ರೈತರ ಹತ್ತಿರವೇ ಖಾಲಿ ಕೊಟ್ಟಿಗೆ ಇದ್ದರೆ ಬಾಡಿಗೆಗೆ ಕೊಡುತ್ತೀರಾ ಅಂತ ಕೇಳಿ ನೋಡಿ. ಕೇಳಿದರೆ ತಪ್ಪೇನಿಲ್ಲ.

ಮಾರಿ ದುಡ್ಡು ಮಾಡುವ ವಿಷಯ. ನಿಮ್ಮ ಸ್ವಂತದ ಒಂದು ಟ್ರೇಲರನ್ನು ಮುಂದೆಂದೋ ಮಾರುವುದು ಬೇರೆ, ಕೊಂಡು ರಿಪೇರಿ ಮಾಡಿ ಮಾರುವುದನ್ನೇ ಕಸುಬು ಮಾಡಿಕೊಳ್ಳುವುದು ಬೇರೆ. ಎರಡನೆಯದು ಎಚ್‌-1ಬಿಯಲ್ಲಿ ತಲೆನೋವು ತರುತ್ತದೆ, ಯಾಕೆಂದರೆ ಆ ವೀಸಾ ನಿಮ್ಮನ್ನು ಕರೆಸಿಕೊಂಡ ಕಂಪನಿಯ ಕೆಲಸಕ್ಕೆ ಮಾತ್ರ. ಟ್ರೇಲರನ್ನು ದಿನಬಾಡಿಗೆಗೆ ಬಿಡುವ ಯೋಚನೆ ಇದ್ದರೂ ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ, ಆಫೀಸಿನ ಗೆಳೆಯರನ್ನಲ್ಲ. ಲಾಭದ ಲೆಕ್ಕವೂ ಹೇಳುವಷ್ಟು ಚೆನ್ನಾಗಿಲ್ಲ. ಸಾಮಾನಿಗೇ ಸಾವಿರಾರು ಡಾಲರ್ ಹೋಗುತ್ತದೆ. ನಿಮ್ಮ ಶನಿವಾರ ಭಾನುವಾರಗಳಿಗೆ ಕೂಲಿ ಕಟ್ಟಿಕೊಂಡರೆ ನಷ್ಟವೇ.

ಹಾಗಾದರೆ ಬೇಡ ಅಂತೀರಾ ಅಂದರೆ, ಇಲ್ಲ. ಮಾಡಿ. ನೀವು ಬಂದಿಳಿದಿರುವುದೇ ಅದರ ತವರಿಗೆ. ವಾಲಿ ಬೈಯಮ್ ಲಾಸ್ ಏಂಜಲೀಸ್ ಕಡೆ ಶುರು ಮಾಡಿದ ಕಂಪನಿ ಅದು, 1936ರಲ್ಲಿ ಕ್ಲಿಪ್ಪರ್ ಅನ್ನುವ, ರಿವೆಟ್ (ತಗಡು ಜೋಡಿಸುವ ಲೋಹದ ಮೊಳೆ) ಹೊಡೆದ ಅಲ್ಯೂಮಿನಿಯಂ ಟ್ರೇಲರ್ ತಂದರು. 1952ರಲ್ಲಿ ಒಹಾಯೋದ ಜಾಕ್ಸನ್ ಸೆಂಟರ್‌ನಲ್ಲಿ ಕಾರ್ಖಾನೆ ಹಾಕಿದರು, ಇವತ್ತಿಗೂ ಅಲ್ಲೇ ತಯಾರಾಗುತ್ತದೆ. ಕೊಲಂಬಸ್‌ನಿಂದ ಒಂದು ದಿನದಲ್ಲಿ ಆರಾಮಾಗಿ ಹೋಗಿಬರಬಹುದು, ಕಾರ್ಖಾನೆ ತೋರಿಸುತ್ತಾರೆ, ಪಕ್ಕದಲ್ಲಿ ಮ್ಯೂಸಿಯಂ ಇದೆ. ಹಾಗೇ ವಾಪಕೊನೆಟಾಗೂ ಹೋಗಿ, ನೀಲ್ ಆರ್ಮ್‌ಸ್ಟ್ರಾಂಗ್ ಹುಟ್ಟಿದ ಊರು, ಹತ್ತಿರದಲ್ಲೇ ಇದೆ. 1969ರಲ್ಲಿ ಚಂದ್ರನಿಂದ ಬಂದವರನ್ನು ಸೋಂಕಿನ ಭಯಕ್ಕೆ ಒಂದು ಡಬ್ಬದೊಳಗೆ ಕೂರಿಸಿ ಅಧ್ಯಕ್ಷ ನಿಕ್ಸನ್ ಕಿಟಕಿಯಾಚೆಯಿಂದ ಮಾತಾಡಿಸಿದರಲ್ಲ, ಆ ಡಬ್ಬವೂ ಏರ್‌ಸ್ಟ್ರೀಮೇ. ಚಂದ್ರನ ಮೇಲೆ ಕಾಲಿಟ್ಟು ಬಂದ ಮನುಷ್ಯ ಮೊದಲು ಕಾಲ ಕಳೆದದ್ದು ತನ್ನೂರಿನ ಪಕ್ಕದ ಹಳ್ಳಿಯ ಕಂಪನಿಯ ಟ್ರೇಲರಿನಲ್ಲಿ!

ಈಗ ನಿಮ್ಮ ಹೊಲದಂಚಿನ ಟ್ರೇಲರಿಗೆ ಬರೋಣ. ಮೈ ನೋಡಬೇಡಿ. ಮೈ ಮಂಕಾಗಿದ್ದರೆ ಏನೂ ಆಗುವುದಿಲ್ಲ, ಗುಳಿ ಬಿದ್ದಿದ್ದರೂ ಒಂದು ಶೀಟ್ ಬದಲಾಯಿಸಬಹುದು. ಇದರ ರಚನೆ ಹೀಗಿದೆ: ಕೆಳಗೆ ಕಬ್ಬಿಣದ ಚಾಸಿ (ಅಡಿಚೌಕಟ್ಟು), ಅದರ ಮೇಲೆ ಪ್ಲೈವುಡ್ ನೆಲ, ನೆಲದ ಅಂಚಿನ ಮೇಲೆ ಅಲ್ಯೂಮಿನಿಯಂ ಗೂಡು ಕೂತಿರುತ್ತದೆ, ಮೂರನ್ನೂ ಹಿಡಿದಿರುವುದು ಪ್ಲೈವುಡ್ ಮೂಲಕ ಹಾದುಹೋಗುವ ಬೋಲ್ಟುಗಳು. ಕಿಟಕಿ, ಬಾಗಿಲು, ಹಿಂದಿನ ಡಿಕ್ಕಿ ಮುಚ್ಚಳ, ಎಲ್ಲಿಂದಲೋ ಮಳೆನೀರು ಸೋರಿ ಅಂಚಿನ ಪ್ಲೈವುಡ್ ಕೊಳೆತರೆ ಬೋಲ್ಟಿಗೆ ಹಿಡಿತ ಇರುವುದಿಲ್ಲ, ಗೂಡು ಬೇರೆ ಚಾಸಿ ಬೇರೆ ಆಗುತ್ತದೆ. ಎಪ್ಪತ್ತರ ದಶಕದ ಬಹಳಷ್ಟು ಉದ್ದದ ಮಾಡೆಲ್‌ಗಳಲ್ಲಿ ಬಚ್ಚಲು ಹಿಂದಿದೆ, ಅದರ ಕೊಳಚೆ ಟ್ಯಾಂಕಿನ ಭಾರವೂ ಹಿಂದೆಯೇ. ಹಾಗಾಗಿ ಈ ರೋಗ ಅವಕ್ಕೆ ಜಾಸ್ತಿ. ಪರೀಕ್ಷೆ ಸುಲಭ. ಹಿಂದಿನ ಬಂಪರ್ ಮೇಲೆ ಹತ್ತಿ ನಿಂತು ಮೆಲ್ಲಗೆ ಜಗ್ಗಿ. ಜೊತೆಗೆ ಬಂದವರು ಬಂಪರ್ ಮತ್ತು ಗೂಡಿನ ನಡುವಿನ ಸಂದಿ ನೋಡುತ್ತಿರಲಿ. ನೀವು ಜಗ್ಗಿದಾಗ ಬಂಪರ್ ಇಳಿದು ಗೂಡು ಇದ್ದಲ್ಲೇ ಇದ್ದರೆ, ಸಂದಿ ಬಾಯಿ ಬಿಟ್ಟರೆ, ಗೂಡು ಎತ್ತಿ ನೆಲ ಬದಲಾಯಿಸುವ ಕೆಲಸ ಕಾದಿದೆ ಅಂತ ಅರ್ಥ. ಬೆಲೆ ಅದರ ಮೇಲೆ ಮಾತಾಡಿ.

ಒಳಗೆ ಹೋಗಿ ಕಾರ್ಪೆಟ್ ಎತ್ತಿ, ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಬಾಗಿಲ ಬುಡ, ನಾಲ್ಕು ಮೂಲೆ, ಬಚ್ಚಲಿನ ಹಿಂಭಾಗ ಚುಚ್ಚಿ ನೋಡಿ. ಬೆಣ್ಣೆಗೆ ಚುಚ್ಚಿದ ಹಾಗೆ ಇಳಿದರೆ ಅಲ್ಲಿ ಮರ ಇಲ್ಲ, ಬರೀ ಬಣ್ಣ. ಆಮೇಲೆ ಚಕ್ರದ ಹಿಂದೆ ಬಗ್ಗಿ ನೋಡಿ. 1961ರಿಂದೀಚಿನ ಇವುಗಳಲ್ಲಿ ಲಾರಿಗಿರುವಂಥ ಪಟ್ಟಿ ಸ್ಪ್ರಿಂಗ್ ಇಲ್ಲ, ಆಕ್ಸಲ್ (ಚಕ್ರಗಳ ಅಚ್ಚು) ಕೊಳವೆಯೊಳಗೆ ರಬ್ಬರ್ ಸರಳುಗಳಿವೆ, ಅವು ಅಮುಕಿಕೊಂಡು ಸ್ಪ್ರಿಂಗ್ ಕೆಲಸ ಮಾಡುತ್ತವೆ. ಐವತ್ತು ವರ್ಷದ ರಬ್ಬರ್ ಕಲ್ಲಾಗಿರುತ್ತದೆ. ಆಕ್ಸಲ್‌ನಿಂದ ಚಕ್ರಕ್ಕೆ ಹೋಗುವ ತೋಳು ಕೆಳಮುಖವಾಗಿರಬೇಕು. ಸಪಾಟಾಗಿದ್ದರೆ ಅಥವಾ ಮೇಲಕ್ಕೆ ನೋಡುತ್ತಿದ್ದರೆ ಹೊಸ ಆಕ್ಸಲ್ ಖರ್ಚು ಲೆಕ್ಕಕ್ಕೆ ಸೇರಿಸಿ. ಹಳೆಯದರಲ್ಲೇ ಓಡಿಸಿದರೆ ರಸ್ತೆಯ ಪ್ರತಿ ಕುಲುಕೂ ರಿವೆಟ್‌ಗೆ ಹೋಗುತ್ತದೆ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ, 2215 ಅಂದರೆ 2015ರ 22ನೇ ವಾರ ತಯಾರಾದದ್ದು. ಹಳೆಯದಾಗಿದ್ದರೆ ಜಾಗ ಬಿಟ್ಟು ಅಲ್ಲಾಡಿಸುವ ಮುಂಚೆಯೇ ಬದಲಾಯಿಸಿ. ಕ್ಯಾಮ್ರಿಯಲ್ಲಿ ಎಳೆಯುವ ಮಾತೇ ಇಲ್ಲ. ಖಾಲಿ ಇದ್ದಾಗಲೇ ಎರಡು ಟನ್‌ಗೂ ಜಾಸ್ತಿ ಇದು. ಟ್ರಕ್ ಇರುವವರಿಗೆ ದುಡ್ಡು ಕೊಟ್ಟು ತರಿಸಿ.

ಒಳತಗಡು ಬಿಚ್ಚುವ ದಿನಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ರಿವೆಟ್ ತಲೆಗಳನ್ನು ಡ್ರಿಲ್ ಮಾಡಿ ಶೀಟ್ ಇಳಿಸಿದರೆ ಗುಲಾಬಿ ಬಣ್ಣದ ಹತ್ತಿ, ಅದರೊಳಗೆ ಇಲಿಗಳ ಸಂಸಾರ ಪೀಳಿಗೆಗಟ್ಟಲೆ ಮಾಡಿಟ್ಟ ಗೂಡು, ಮೂತ್ರ ಬಿದ್ದ ಕಡೆ ತಗಡು ಬಿಳಿ ಪುಡಿಯಾಗಿ ತೂತಾಗಿರುತ್ತದೆ. ಇದನ್ನು ಪೊರಕೆಯಲ್ಲಿ ಗುಡಿಸಬೇಡಿ. ಇಲಿ ಹಿಕ್ಕೆಯ ಧೂಳಿನಿಂದ ಹಂಟಾವೈರಸ್ ಬರಬಹುದು, ತಮಾಷೆಯಲ್ಲ. ಬ್ಲೀಚ್ ನೀರು ಚಿಮುಕಿಸಿ ಒದ್ದೆ ಮಾಡಿ, ಒಳ್ಳೆಯ ಮಾಸ್ಕ್ ಗ್ಲೌಸ್ ಹಾಕಿಕೊಂಡು ಚೀಲಕ್ಕೆ ತುಂಬಿ. ಆಮೇಲೆ ಹೊರತಗಡಿಗೆ ಒಳಗಿನಿಂದ ಟಾರ್ಚ್ ಬಿಟ್ಟು ಕತ್ತಲಾದ ಮೇಲೆ ಹೊರಗೆ ನಿಂತು ನೋಡಿ, ಎಲ್ಲೆಲ್ಲಿ ಬೆಳಕು ಕಾಣುತ್ತದೋ ಅಲ್ಲೆಲ್ಲ ನೀರೂ ಬರುತ್ತದೆ. ಆ ಸಂದಿಗಳಿಗೆ ಪಾಲಿಯುರಿಥೇನ್ ಸೀಲೆಂಟ್ ಹಾಕಿ. ಸಿಲಿಕಾನ್ ಮಾತ್ರ ಬೇಡ, ಒಮ್ಮೆ ಹಾಕಿದರೆ ಅದರ ಮೇಲೆ ಬೇರೇನೂ ಅಂಟುವುದಿಲ್ಲ. ಚಳಿಗಾಲದಲ್ಲಿ ಸೀಲೆಂಟ್ ಸರಿಯಾಗಿ ಹಿಡಿಯುವುದೂ ಇಲ್ಲ, ಆದ್ದರಿಂದ ಹೊರಗಿನ ಕೆಲಸವೆಲ್ಲ ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಮುಗಿಸುವ ಹಾಗೆ ನೋಡಿಕೊಳ್ಳಿ.

ರಿವೆಟ್ ಕೆಲಸ ನನಗೆ ಅತಿ ಇಷ್ಟವಾದದ್ದು. ಒಬ್ಬರೇ ಹೊರಗಿನಿಂದ ಹೊಡೆಯುವ ರಿವೆಟ್‌ಗಳೂ ಇವೆ, ಒಳತಗಡು ತೆಗೆಯದೆ ಸಣ್ಣಪುಟ್ಟ ರಿಪೇರಿಗೆ ಸಾಕು. ಆದರೆ ಗಟ್ಟಿ ರಿವೆಟ್‌ಗೆ ಇಬ್ಬರು ಬೇಕು. ಹೊರಗಿನವರು ಗಾಳಿಯೊತ್ತಡದ ರಿವೆಟ್ ಗನ್ ಒತ್ತುತ್ತಾರೆ, ಒಳಗಿನವರು ರಿವೆಟ್ ಬಾಲಕ್ಕೆ ಉಕ್ಕಿನ ತುಂಡು ಆನಿಸಿ ಹಿಡಿಯುತ್ತಾರೆ, ಡರ್ ಅಂತ ಒಂದು ಕ್ಷಣ, ಬಾಲ ಚಪ್ಪಟೆಯಾಗಿ ಬಟನ್ ಥರ ಕೂರುತ್ತದೆ. ಒಬ್ಬರಿಗೊಬ್ಬರ ಮುಖ ಕಾಣುವುದಿಲ್ಲ, ಕಿವಿಗೆ ಮಫ್ ಇರುವುದರಿಂದ ಮಾತೂ ಕೇಳಿಸುವುದಿಲ್ಲ. ನಮ್ಮ ಮಾವ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿಮಾನದ ತಗಡಿನ ಕೆಲಸ ಮಾಡಿ ರಿಟೈರ್ ಆದವರು, ಬೇಸಿಗೆಗೆ ಇಲ್ಲಿಗೆ ಬಂದವರು ಮಗಳ ಸೋಫಾದಲ್ಲಿ ಕೂತು ಬೇಜಾರಾಗಿ ಒಂದು ದಿನ ಕೊಟ್ಟಿಗೆಗೆ ಬಂದರು. ಒಳಗೆ ಕೂತು ತಗಡಿನ ಮೇಲೆ ಉಕ್ಕಿನ ತುಂಡಿನಿಂದ ಒಂದು ಸಲ ತಟ್ಟಿದರೆ ಇನ್ನೂ ಹೊಡಿ, ಎರಡು ತಟ್ಟಿದರೆ ಸರಿ ಹೋಯಿತು, ಮೂರು ತಟ್ಟಿದರೆ ಕೆಟ್ಟಿದೆ ಕಿತ್ತು ಹಾಕು ಅಂತ ನನಗೆ ಕಲಿಸಿದರು. ಮೊದಮೊದಲು ಮೂರೇ ಜಾಸ್ತಿ ಕೇಳಿಸುತ್ತಿತ್ತು. ಮನೆಯಲ್ಲಿ ಊಟದ ಹೊತ್ತಿಗೆ ಎರಡು ಮಾತಾಡದ ಮನುಷ್ಯ ಅಲ್ಲಿ ಸಂಜೆವರೆಗೂ ತಟ್ಟುತ್ತಿದ್ದರು.

ಪಾಲಿಶ್ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ, ಮಾಡುವುದು ಕೊನೆಗೆ. ಆ ತಗಡಿನ ಮೇಲ್ಪದರ ಶುದ್ಧ ಅಲ್ಯೂಮಿನಿಯಂ, ಬಹಳ ತೆಳು. ಉಪ್ಪು ಕಾಗದ ಮುಟ್ಟಿಸಬೇಡಿ. ಹಳೇ ಕ್ಲಿಯರ್ ಕೋಟನ್ನು (ಬಣ್ಣವಿಲ್ಲದ ಲೇಪವನ್ನು) ಅದನ್ನು ಕರಗಿಸುವ ಸ್ಟ್ರಿಪ್ಪರ್ ಹಚ್ಚಿ ತೆಗೆದು, ಒರಟಿನಿಂದ ನಯಕ್ಕೆ ಒಂದೊಂದೇ ಪಾಲಿಶ್ ಹಾಕಿ ಮಷೀನಿನಲ್ಲಿ ಉಜ್ಜಬೇಕು. ಮೈಕೈ ಎಲ್ಲ ಕಪ್ಪಾಗುತ್ತದೆ. ಮಾಡದಿದ್ದರೂ ನಡೆಯುತ್ತದೆ.

ಸಹಾಯಕ್ಕೆ ಯಾರಾದರೂ ಬರುತ್ತಾರಾ ಅಂತ ಕೇಳಿದಿರಿ. ಇಲ್ಲಿನವರು ಕರೆಯದೆ ಮನೆಗೆ ಬರುವುದಿಲ್ಲ, ಅದು ನಿಮಗೆ ಈಗಾಗಲೇ ಗೊತ್ತಾಗಿದೆ. ಆದರೆ ಕೊಟ್ಟಿಗೆ ಬಾಗಿಲು ತೆಗೆದಿಟ್ಟು ಒಂದು ಹಳೇ ಗಾಡಿ ಬಿಚ್ಚುತ್ತಾ ಕೂತರೆ ಬರುತ್ತಾರೆ. ಕೈ ಕಟ್ಟಿಕೊಂಡು ನೋಡುತ್ತಾರೆ, ಸ್ವಲ್ಪ ಹೊತ್ತಾದ ಮೇಲೆ ನಿನ್ನ ಡ್ರಿಲ್ ಬಿಟ್ ಮೊಂಡಾಗಿದೆ ಅನ್ನುತ್ತಾರೆ, ಮಾರನೇ ದಿನ ಕಂಪ್ರೆಸರ್ ಹೊತ್ತು ತರುತ್ತಾರೆ. ನನಗೆ ವೆಲ್ಡಿಂಗ್ ಮಾಡಿಕೊಟ್ಟವರು ಹಾಗೆ ಬಂದವರೇ. ದುಡ್ಡು ತೆಗೆದುಕೊಳ್ಳಲಿಲ್ಲ, ಚಕ್ಕುಲಿ ಡಬ್ಬಿ ಮಾತ್ರ ವಾಪಸ್ ಕೊಡಲಿಲ್ಲ. ಆಫೀಸು, ಅಪಾರ್ಟ್‌ಮೆಂಟು, ವಾರಕ್ಕೊಮ್ಮೆ ಇಂಡಿಯನ್ ಸ್ಟೋರು ಅಂತ ತಿರುಗುತ್ತಿದ್ದರೆ ಇಂಥವರು ಎದುರಾಗುವುದು ಕಷ್ಟ. ತಾಕತ್ತಿರುವವರೆಲ್ಲ ಕೆಲಸಗಾರರನ್ನು ಕರೆಸುವುದು ನಮ್ಮ ಕಡೆ ಅಭ್ಯಾಸ. ಇಲ್ಲಿ ಗಂಟೆ ಲೆಕ್ಕದ ಕೂಲಿ ಕೇಳಿದರೆ ಎದೆ ಝಲ್ ಅನ್ನುತ್ತದೆ, ಅದಕ್ಕೇ ಡಾಕ್ಟರೂ ತನ್ನ ನಲ್ಲಿ ತಾನೇ ಕಟ್ಟಿಕೊಳ್ಳುತ್ತಾರೆ, ಯಾರೂ ಅದನ್ನು ಕೀಳಾಗಿ ನೋಡುವುದಿಲ್ಲ.

ಒಂದು ಕಾಗದದ ವಿಷಯ. ದುಡ್ಡು ಕೊಡುವ ಮುಂಚೆ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಕೈಯಲ್ಲಿ ಹಿಡಿದು ನೋಡಿ, ಅದರ ನಂಬರ್ ಟ್ರೇಲರಿನ ನಂಬರಿಗೆ ತಾಳೆಯಾಗಬೇಕು. ಒಹಾಯೋದಲ್ಲಿ ಮಾರುವವರು ನೋಟರಿ ಎದುರು ಸಹಿ ಹಾಕಬೇಕು, ಆಮೇಲೆ ನೀವು ಕೌಂಟಿಯ ಟೈಟಲ್ ಆಫೀಸಿಗೆ ಹೋಗಿ ಹೆಸರು ಬದಲಾಯಿಸಿಕೊಳ್ಳಬೇಕು. ಟೈಟಲ್ ಎಲ್ಲೋ ಇತ್ತು, ಅಜ್ಜನ ಕಾಲದ್ದು, ಆಮೇಲೆ ಕಳಿಸುತ್ತೇನೆ ಅಂದರೆ ನಮಸ್ಕಾರ ಹೇಳಿ ಬಂದುಬಿಡಿ. ಟೈಟಲ್ ಸರಿಯಿದ್ದು ಬಂಪರ್ ಪರೀಕ್ಷೆಯಲ್ಲಿ ಸೋತರೆ ಇದೇ ಕಾಲದ ಚಿಕ್ಕದೊಂದು ಹುಡುಕಿ, 20–22 ಅಡಿಯದು. ಬೆಲೆ ಜಾಸ್ತಿ ಹೇಳುತ್ತಾರೆ, ಆದರೆ ಮೊದಲ ಸಲಕ್ಕೆ 31 ಅಡಿ ದೊಡ್ಡದಾಯಿತು. ನೋಡಿಕೊಂಡು ಬಂದ ಮೇಲೆ ಫೋಟೋ ಹಾಕಿ: ಹಿಂದಿನ ಬಂಪರ್ ಸಂದಿ, ಚಕ್ರದ ತೋಳು, ಬಾಗಿಲ ಬುಡದ ನೆಲ. ಈ ಮೂರು ನೋಡಿದರೆ ಎಷ್ಟಕ್ಕೆ ಕೇಳಬಹುದು ಅಂತ ಹೇಳುತ್ತೇನೆ.